ಊರ ಶಾಲೆಗೆ ಸೋಲಾರ್: ಪ್ಯಾನೆಲ್ ಕೊಳ್ಳೋ ಮೊದಲು ಮಾಡಬೇಕಾದ ಲೆಕ್ಕ

ಇವತ್ತಿನ ವಿಷಯ, ಶಾಲೆಯ ತಾರಸಿ ಮೇಲೆ ಹಾಕುವ ಚಿಕ್ಕ ಸೋಲಾರ್ ಘಟಕ. ವಿಡಿಯೋದಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನೇ ಇಲ್ಲಿ ನಿಧಾನವಾಗಿ ಓದೋಕೆ ಆಗೋ ಹಾಗೆ ಕೊಟ್ಟಿದ್ದೇನೆ. ಪೆನ್ನು, ಪೇಪರ್ ಇಟ್ಕೊಂಡು ಓದಿದ್ರೆ ಇನ್ನೂ ಒಳ್ಳೇದು.

ಈ ವಿಷಯ ಯಾಕೆ ಅಂದ್ರೆ, ಊರು ಬಿಟ್ಟು ಬಂದ ನಮ್ಮಂಥವರ ಹತ್ರ ಇದು ಪದೇ ಪದೇ ಬರುತ್ತೆ. ಐರೋಲಿಯಲ್ಲಿ ಒಬ್ಬ, ಪುಣೆಯಲ್ಲಿ ಒಬ್ಬ, ಬೆಂಗಳೂರಲ್ಲಿ ಹತ್ತು ಜನ, ಅಮೆರಿಕದಲ್ಲಿ ಇಬ್ಬರು. ಎಲ್ಲರೂ ಒಂದೇ ಊರಿನ ಕನ್ನಡ ಶಾಲೆಯಲ್ಲಿ ಕಲಿತವರು. ಶಾಲೆಗೆ ಎಪ್ಪತ್ತೈದೋ ನೂರೋ ವರ್ಷ ತುಂಬುತ್ತೆ. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ‘ಏನಾದ್ರೂ ಮಾಡೋಣ’ ಅಂತ ಶುರುವಾಗುತ್ತೆ. ಕಾಂಪೌಂಡಿಗೆ ಬಣ್ಣ, ನೀರಿನ ಫಿಲ್ಟರ್, ಕಂಪ್ಯೂಟರ್ ಎಲ್ಲ ಚರ್ಚೆಯಾಗಿ ಕೊನೆಗೆ ಯಾರೋ ‘ಸೋಲಾರ್ ಹಾಕ್ಸೋಣ ಕಣ್ರೋ’ ಅಂತಾರೆ. ಎಲ್ಲರೂ ಹೂಂ ಅಂತಾರೆ. ಎರಡು ಎರಡೂವರೆ ಲಕ್ಷ ವಂತಿಗೆ ಸೇರುತ್ತೆ, ಉದ್ಘಾಟನೆ ಆಗುತ್ತೆ, ಫೋಟೋ ಬರುತ್ತೆ.

ನಾಲ್ಕು ವರ್ಷ ಬಿಟ್ಟು ಜಾತ್ರೆಗೆ ಹೋದಾಗ ಅದೇ ಶಾಲೆಯ ಕಡೆ ಹೋಗಿ ನೋಡಿ. ಪ್ಯಾನೆಲ್ ತಾರಸಿ ಮೇಲೆ ಇರುತ್ತೆ, ಕೆಳಗೆ ಬಲ್ಬ್ ಉರಿಯೋದಿಲ್ಲ. ‘ಬ್ಯಾಟರಿ ಹೋಗಿದೆ ಸಾರ್’ ಅಂತಾರೆ ಮೇಷ್ಟ್ರು. ಹೊಸ ಬ್ಯಾಟರಿಗೆ ದುಡ್ಡು ಯಾರು ಕೊಡಬೇಕು ಅನ್ನೋದು ಯಾವ ಕಾಗದದಲ್ಲೂ ಇರೋದಿಲ್ಲ.

ಇದರಲ್ಲಿ ತಂತ್ರಜ್ಞಾನದ ತಪ್ಪು ಕಡಿಮೆ. ಪ್ಯಾನೆಲ್ ಅನ್ನೋದು ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಗಟ್ಟಿ ವಸ್ತು. ನನ್ನ ಮಾತು ಇಷ್ಟೇ: ಶಾಲೆಗೆ ಯಾವ ತೊಂದರೆ ಇದೆ ಅಂತ ಕೇಳದೆ ‘ಎಷ್ಟು ಕಿಲೋವ್ಯಾಟ್’ ಅಂತ ಕೇಳಿದ್ರೆ ಲೆಕ್ಕ ಅಲ್ಲೇ ತಪ್ಪುತ್ತೆ. ಯಾಕಂದ್ರೆ ಒಂದೇ ಶಾಲೆಗೆ ಮೂರು ಬೇರೆ ಬೇರೆ ಉತ್ತರ ಬರಬಹುದು.

ಮೂರು ತೊಂದರೆ, ಮೂರು ಘಟಕ

ಒಂದನೇದು, ಕರೆಂಟ್ ಬಿಲ್ ಕಟ್ಟೋದು ಕಷ್ಟ. ಎರಡನೇದು, ಬಿಲ್ ತೊಂದರೆ ಇಲ್ಲ, ಆದ್ರೆ ಪಾಠದ ಹೊತ್ತಿಗೆ ಕರೆಂಟೇ ಇರಲ್ಲ. ಮೂರನೇದು, ಶಾಲೆಯಲ್ಲಿ ಎಲ್ಲ ಸರಿ ಇದೆ, ಮಕ್ಕಳ ಮನೆಯಲ್ಲಿ ರಾತ್ರಿ ಓದೋಕೆ ಬೆಳಕಿಲ್ಲ.

ಮೂರಕ್ಕೂ ಜನ ಹೇಳೋ ಹೆಸರು ಒಂದೇ, ‘ಸೋಲಾರ್’. ಆದ್ರೆ ಮೊದಲನೇದಕ್ಕೆ ಬ್ಯಾಟರಿ ಬೇಡವೇ ಬೇಡ. ಎರಡನೇದಕ್ಕೆ ಬ್ಯಾಟರಿ ಇಲ್ಲದಿದ್ರೆ ಹೆಚ್ಚು ಪ್ರಯೋಜನ ಇಲ್ಲ. ಮೂರನೇದಕ್ಕೆ ತಾರಸಿ ತುಂಬ ಪ್ಯಾನೆಲ್ ಬೇಡ, ಒಂದೇ ಪ್ಯಾನೆಲ್ ಸಾಕಾಗಬಹುದು. ಒಂದೊಂದಾಗಿ ನೋಡೋಣ. ಅದಕ್ಕೆ ಮೊದಲು ಸ್ವಲ್ಪ ಮೂಲ ಲೆಕ್ಕ.

ಒಂದು ಕಿಲೋವ್ಯಾಟ್ ಅಂದ್ರೆ ಎಷ್ಟು?

ಪ್ಯಾನೆಲ್‌ನಲ್ಲಿರೋ ಸಿಲಿಕಾನ್ ಬಿಲ್ಲೆಗಳ ಮೇಲೆ ಬೆಳಕು ಬಿದ್ದಾಗ ಡಿಸಿ ಕರೆಂಟ್ ಹುಟ್ಟುತ್ತೆ. ಇನ್ವರ್ಟರ್ ಅದನ್ನ ಮನೆ, ಶಾಲೆಗಳಲ್ಲಿ ಬಳಸೋ ಎಸಿ ಮಾಡುತ್ತೆ. ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ನಮ್ಮ ಕಡೆ ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ಅಂದ್ರೆ ವರ್ಷಕ್ಕೆ ಹೆಚ್ಚು ಕಡಿಮೆ 1,400 ಯೂನಿಟ್ ಕೊಡುತ್ತೆ.

ಇಲ್ಲಿ ‘ಸರಾಸರಿ’ ಅನ್ನೋ ಪದದ ಮೇಲೆ ಕಣ್ಣಿಡಿ. ವಿಜಯಪುರ, ಗದಗದ ಮಾರ್ಚ್ ಬಿಸಿಲಿಗೂ ಕುಂದಾಪುರ, ಶಿರಸಿಯ ಜುಲೈ ಮೋಡಕ್ಕೂ ಸಂಬಂಧವೇ ಇಲ್ಲ. ಗಟ್ಟಿ ಮಳೆಗಾಲದಲ್ಲಿ ಕರಾವಳಿ, ಮಲೆನಾಡು, ನಮ್ಮ ಠಾಣೆ ಜಿಲ್ಲೆ, ಎಲ್ಲ ಕಡೆಯೂ ಉತ್ಪಾದನೆ ಅರ್ಧಕ್ಕೆ ಇಳಿಯೋದು ಮಾಮೂಲು. ಬಿಸಿಲು ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಲೂ ಅಲ್ಲ. ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ. 25 ಡಿಗ್ರಿ ದಾಟಿ ಬಿಸಿಯಾದ ಹಾಗೆ ಪ್ರತಿ ಡಿಗ್ರಿಗೂ ಶಕ್ತಿ ಸುಮಾರು ಶೇಕಡಾ 0.3ರಿಂದ 0.4ರಷ್ಟು ಕಡಿಮೆಯಾಗುತ್ತೆ. ಅದಕ್ಕೇ ತಾರಸಿಗೆ ಅಂಟಿಸದೆ, ಕೆಳಗಿಂದ ಗಾಳಿ ಆಡೋ ಹಾಗೆ ಎತ್ತರಿಸಿ, ದಕ್ಷಿಣಕ್ಕೆ ಮುಖ ಮಾಡಿ ಕೂರಿಸೋದು.

ಈಗ ಒಂದು ಮಾದರಿ ಶಾಲೆ ತಗೊಳ್ಳೋಣ. ಒಂದರಿಂದ ಏಳನೇ ಕ್ಲಾಸು, ಆರು ಕೊಠಡಿ. ಪ್ರತಿ ಕೊಠಡಿಯಲ್ಲಿ 20 ವ್ಯಾಟ್‌ನ ಎರಡು ಎಲ್‌ಇಡಿ ಟ್ಯೂಬ್, 75 ವ್ಯಾಟ್‌ನ ಎರಡು ಹಳೆ ಫ್ಯಾನ್. ಕೊಠಡಿಗೆ 190 ವ್ಯಾಟ್, ಆರಕ್ಕೆ 1,140. ದಿನಕ್ಕೆ ಐದು ಗಂಟೆ ಓಡಿದ್ರೆ 5.7 ಯೂನಿಟ್. ನಾಲ್ಕು ಕಂಪ್ಯೂಟರ್ ಎರಡು ಗಂಟೆಗೆ 0.8 ಯೂನಿಟ್, ಸ್ಮಾರ್ಟ್ ಕ್ಲಾಸಿನ ಟಿವಿ 0.3, ನೀರಿನ ಪಂಪ್ ಅರ್ಧ ಗಂಟೆಗೆ 0.5. ಒಟ್ಟು ದಿನಕ್ಕೆ 7.3 ಯೂನಿಟ್.

ಇಲ್ಲಿಂದ ನೇರ ಪ್ಯಾನೆಲ್ ಅಂಗಡಿಗೆ ಹೋಗಬೇಡಿ. ಹನ್ನೆರಡು ಫ್ಯಾನ್ ಬದಲಿಸಿ, 30 ವ್ಯಾಟ್ ತಿನ್ನೋ ಬಿಎಲ್‌ಡಿಸಿ ಫ್ಯಾನ್ ಹಾಕಿದ್ರೆ ದಿನಕ್ಕೆ 2.7 ಯೂನಿಟ್ ಉಳಿಯುತ್ತೆ. 7.3 ಇದ್ದದ್ದು 4.6ಕ್ಕೆ ಬಂತು. ಒಂದು ಫ್ಯಾನ್‌ಗೆ ಮೂರು ಸಾವಿರ ಹಿಡಿದ್ರೆ 36,000 ರೂಪಾಯಿ. ನಾವು ಸಾಫ್ಟ್‌ವೇರ್‌ನವರು ಸರ್ವರ್ ದೊಡ್ಡದು ಮಾಡೋ ಮೊದಲು ಕೋಡ್ ಸರಿ ಮಾಡಿ ಅಂತ ಜೂನಿಯರ್‌ಗಳಿಗೆ ಹೇಳ್ತೀವಲ್ಲ, ಇದೂ ಅದೇ. ಖರ್ಚು ಇಳಿದ್ರೆ ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ ಮೂರೂ ಚಿಕ್ಕದಾಗುತ್ತೆ.

ಮೊದಲನೇ ತೊಂದರೆ: ಬಿಲ್

ಶಾಲೆ ನಡೆಯೋದು ಹಗಲು, ಸೂರ್ಯ ಇರೋದೂ ಹಗಲು. ಹಾಗಾಗಿ ಶಾಲೆಗೂ ಸೋಲಾರ್‌ಗೂ ಜಾತಕ ಚೆನ್ನಾಗಿ ಕೂಡುತ್ತೆ ಅಂತ ಎಲ್ಲರೂ ಹೇಳ್ತಾರೆ. ದಿನದ ಲೆಕ್ಕಕ್ಕೆ ಅದು ನಿಜ. ವರ್ಷದ ಲೆಕ್ಕ ಮಾಡಿದಾಗ ಬೇರೆ ಚಿತ್ರ ಕಾಣುತ್ತೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಕನಿಷ್ಠ ಕೆಲಸದ ದಿನಗಳು ಐದನೇ ಕ್ಲಾಸಿನವರೆಗೆ 200, ಆರರಿಂದ ಎಂಟರವರೆಗೆ 220. 220 ಅಂತಲೇ ಹಿಡಿಯೋಣ. ನಮ್ಮ ಮಾದರಿ ಶಾಲೆ ವರ್ಷಕ್ಕೆ ಬಳಸೋದು 4.6 ಗುಣಿಸು 220, ಅಂದ್ರೆ ಸುಮಾರು 1,000 ಯೂನಿಟ್. ಯಾರೋ ಉತ್ಸಾಹದಲ್ಲಿ 2 ಕಿಲೋವ್ಯಾಟ್ ಹಾಕಿಸಿದ್ರೆ ಹುಟ್ಟೋದು 2,800 ಯೂನಿಟ್. ಮೂರನೇ ಎರಡು ಪಾಲಿನ ಹತ್ತಿರ ಶಾಲೆಗೆ ಬೇಡದ ಕರೆಂಟ್. ಭಾನುವಾರ, ದಸರಾ ರಜೆ, ಎಲ್ಲಕ್ಕಿಂತ ಹೆಚ್ಚಾಗಿ ಏಪ್ರಿಲ್, ಮೇ. ಬಿಸಿಲು ಅತಿ ಜೋರಾಗಿರೋ ಹೊತ್ತಿಗೇ ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ!

ಈ ರಜೆಯ ಕರೆಂಟ್‌ನ ಉಳಿಸೋದು ನೆಟ್ ಮೀಟರ್. ಇದು ಎರಡೂ ದಿಕ್ಕಿಗೆ ಓದೋ ಮೀಟರ್. ಶಾಲೆ ಬಳಸದ ಕರೆಂಟ್ ತಂತಿಯಲ್ಲಿ ಹೊರಗೆ ಹೋಗುತ್ತೆ, ಲೆಕ್ಕದಲ್ಲಿ ಜಮಾ ಆಗುತ್ತೆ. ಅಂಗಡಿಯ ಖಾತೆ ಪುಸ್ತಕ ಇದ್ದ ಹಾಗೆ. ಕರ್ನಾಟಕದಲ್ಲಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂಗಳಲ್ಲಿ, ಮಹಾರಾಷ್ಟ್ರದಲ್ಲಿ ಮಹಾವಿತರಣದಂಥ ಕಂಪನಿಗಳಲ್ಲಿ ಇದಕ್ಕೆ ಅರ್ಜಿ ಹಾಕಬೇಕು. ಮಹಾರಾಷ್ಟ್ರದಲ್ಲಿ ತಿಂಗಳ ಉಳಿಕೆ ಮುಂದಿನ ತಿಂಗಳಿಗೆ ಹೋಗುತ್ತೆ, ಆರ್ಥಿಕ ವರ್ಷದ ಕೊನೆಗೆ ಲೆಕ್ಕ ಚುಕ್ತಾ. ನೆಟ್ ಮೀಟರ್ ಇದ್ರೆ ನಮ್ಮ ಮಾದರಿ ಶಾಲೆಯ ಇಡೀ ವರ್ಷದ ಬಿಲ್‌ಗೆ ಒಂದೇ ಕಿಲೋವ್ಯಾಟ್ ಸಾಕು. 1,400 ಹುಟ್ಟುತ್ತೆ, 1,000 ಖರ್ಚಾಗುತ್ತೆ. ಬ್ಯಾಟರಿ ಇಲ್ಲ, ಐದು ವರ್ಷಕ್ಕೊಮ್ಮೆ ತಲೆಬಿಸಿಯೂ ಇಲ್ಲ.

ಈ ಖಾತೆ ಪುಸ್ತಕದ ಗುಣ ಮುಂಬಯಿ ಕಡೆಯ ಓದುಗರಿಗೆ ಬೇಗ ತಿಳಿಯುತ್ತೆ. ಹಗಲು ಹೋಟೆಲ್‌ನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತ ಒಂದು ತಲೆಮಾರೇ ಈ ಊರಲ್ಲಿದೆ. ಅಂಥ ರಾತ್ರಿ ಶಾಲೆಯ ಮೇಲೆ ಪ್ಯಾನೆಲ್ ಹಾಕಿದ್ರೆ ಪಾಠದ ಹೊತ್ತಿಗೆ ಒಂದು ವ್ಯಾಟೂ ಹುಟ್ಟೋದಿಲ್ಲ. ಆದ್ರೂ ನೆಟ್ ಮೀಟರ್ ಇದ್ರೆ ಹಗಲಿನ ಜಮೆ ರಾತ್ರಿ ಖರ್ಚಿಗೆ ಆಗುತ್ತೆ.

ಹಾಗಾದ್ರೆ ಎಲ್ಲ ಶಾಲೆಗೂ ಇದನ್ನೇ ಮಾಡೋಣವಾ? ಇಲ್ಲಿ ಎರಡು ವಿಷಯ ಗೊತ್ತಿರಲಿ.

ಮೊದಲನೇದು, 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕರ್ನಾಟಕದ ಸರ್ಕಾರಿ ಶಾಲೆ, ಕಾಲೇಜುಗಳಿಗೆ ಉಚಿತ ವಿದ್ಯುತ್, ಉಚಿತ ನೀರು ಕೊಡೋದಾಗಿ ಘೋಷಿಸಿದರು. ಬಿಲ್ಲನ್ನ ಸರ್ಕಾರವೇ ಕಟ್ಟೋ ಶಾಲೆಗೆ ಬಿಲ್ ಉಳಿಸೋ ಘಟಕ ಕೊಟ್ರೆ ಆ ಶಾಲೆಗೆ ಏನು ಸಿಕ್ಕ ಹಾಗಾಯ್ತು? ಹಾಗಾಗಿ ಸರ್ಕಾರಿ ಶಾಲೆ ಆದ್ರೆ ಮೊದಲು ಹೆಡ್‌ಮಾಸ್ಟರ್ ಹತ್ರ ಕೂತು, ಬಿಲ್ ಈಗ ಯಾರು ಕಟ್ತಿದ್ದಾರೆ ಅಂತ ಕೇಳಿ, ಒಂದು ವರ್ಷದ ಬಿಲ್ ನೋಡಿ. ಆಡಳಿತ ಮಂಡಳಿ ನಡೆಸೋ ಕನ್ನಡ ಶಾಲೆಗಳ ಕಥೆ ಬೇರೆ. ಅಲ್ಲಿ ಬಿಲ್ ಅನ್ನೋದು ಪ್ರತಿ ತಿಂಗಳ ನೋವು.

ಎರಡನೇದು ಸಬ್ಸಿಡಿ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, 3 ಅಥವಾ ಹೆಚ್ಚಿಗೆ ಒಟ್ಟು 78,000 ರೂಪಾಯಿ ಸಿಗುತ್ತೆ. ಇದು ಮನೆಗಳಿಗೆ, ಹೌಸಿಂಗ್ ಸೊಸೈಟಿಗಳಿಗೆ ಇರೋದು. ಶಾಲೆಗೆ ಅನ್ವಯಿಸಲ್ಲ. ಯಾವ ಏಜೆಂಟಾದ್ರೂ ‘ಶಾಲೆಗೂ ಕೊಡಿಸ್ತೀನಿ’ ಅಂದ್ರೆ ಅಡ್ವಾನ್ಸ್ ಕೊಡಬೇಡಿ.

ಎರಡನೇ ತೊಂದರೆ: ಕರೆಂಟೇ ಇಲ್ಲ

ಇಲ್ಲಿ ತುಂಬ ಜನಕ್ಕೆ ಆಶ್ಚರ್ಯ ಆಗೋ ವಿಷಯ ಒಂದಿದೆ. ನೆಟ್ ಮೀಟರ್ ಜೊತೆ ಬರೋ ಮಾಮೂಲಿ ಇನ್ವರ್ಟರ್ ಇದ್ರೆ, ಕರೆಂಟ್ ಹೋದ ಕ್ಷಣವೇ ಸೋಲಾರ್ ಕೂಡ ನಿಲ್ಲುತ್ತೆ. ನೆತ್ತಿ ಮೇಲೆ ಸುಡುಬಿಸಿಲಿದ್ರೂ ಕ್ಲಾಸಿನಲ್ಲಿ ಫ್ಯಾನ್ ತಿರುಗಲ್ಲ.

ಇದು ಕೆಟ್ಟು ಹೋಗಿರೋದಲ್ಲ, ಬೇಕಂತಲೇ ಹಾಗೆ ಮಾಡಿರೋದು. ತಂತಿ ಕಡಿದಿದೆ ಅಂತ ಲೈನ್‌ಮನ್ ಕಂಬ ಹತ್ತಿರ್ತಾನೆ. ಆ ಹೊತ್ತಿಗೆ ನಮ್ಮ ತಾರಸಿಯಿಂದ ಅದೇ ತಂತಿಗೆ ಕರೆಂಟ್ ಹರಿದ್ರೆ ಅವನ ಜೀವಕ್ಕೇ ಅಪಾಯ. ಅದಕ್ಕೆ ಹೊರಗಿನ ಲೈನ್ ಸತ್ತ ಕೂಡಲೇ ತಾನೂ ನಿಲ್ಲಬೇಕು ಅನ್ನೋ ನಿಯಮ ಇನ್ವರ್ಟರ್ ಒಳಗೇ ಇರುತ್ತೆ.

ನಾನಿರೋ ದಿವಾದಲ್ಲಿ ಇದು ಬೇಗ ಅರ್ಥವಾಗುತ್ತೆ. ಮುಂಬ್ರಾ ದಾಟಿ ಡೊಂಬಿವಿಲಿಗೆ ಮೊದಲು ಸಿಗೋ ಜಂಕ್ಷನ್ ಇದು. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಬಿಲ್ಡಿಂಗಿನ ಪಂಪ್ ನಿಲ್ಲುತ್ತೆ, ವರ್ಕ್ ಫ್ರಮ್ ಹೋಮ್ ನಿಲ್ಲುತ್ತೆ. ಇಲ್ಲಿ ಯಾರಿಗಾದ್ರೂ ‘ಸೋಲಾರ್ ಇದ್ರೂ ಕರೆಂಟ್ ಹೋದಾಗ ಉಪಯೋಗ ಇಲ್ಲ’ ಅಂತ ಹೇಳಿ ನೋಡಿ, ‘ಮತ್ತೆ ಯಾಕೆ ಹಾಕ್ಬೇಕು?’ ಅಂತಾರೆ. ನ್ಯಾಯವಾದ ಪ್ರಶ್ನೆ. ಊರ ಶಾಲೆಯವರೂ ಅದನ್ನೇ ಕೇಳ್ತಾರೆ, ಆದ್ರೆ ಉದ್ಘಾಟನೆ ಆದ ಮೇಲೆ.

ಯುಡೈಸ್ ಪ್ಲಸ್‌ನ 2023-24ರ ವರದಿ ನೋಡಿದ್ರೆ ದೇಶದ ಶೇಕಡಾ 90ಕ್ಕಿಂತ ಹೆಚ್ಚು ಶಾಲೆಗಳಲ್ಲಿ ವಿದ್ಯುತ್ ಇದೆ. ನಡೆಯೋ ಕಂಪ್ಯೂಟರ್ ಇರೋದು ಶೇಕಡಾ 57.2ರಲ್ಲಿ. ಸಂಪರ್ಕ ಇದೆ ಅನ್ನೋದು ಬೇರೆ, ಹನ್ನೊಂದು ಗಂಟೆಗೆ ವಿಜ್ಞಾನದ ಪಾಠ ಟಿವಿಯಲ್ಲಿ ಹಾಕಿದಾಗ ಕರೆಂಟ್ ಇರುತ್ತೆ ಅನ್ನೋದು ಬೇರೆ. ಹಳ್ಳಿ ಶಾಲೆಗಳಲ್ಲಿ ಸ್ಮಾರ್ಟ್ ಕ್ಲಾಸ್ ಮೂಲೆಗೆ ಬೀಳೋದು ಹೀಗೇ. ಮೇಷ್ಟ್ರು ಎರಡು ಸಲ ಪ್ರಯತ್ನ ಮಾಡ್ತಾರೆ, ಎರಡೂ ಸಲ ಮಧ್ಯದಲ್ಲಿ ನಿಲ್ಲುತ್ತೆ, ಮೂರನೇ ಸಲ ಸೀಮೆಸುಣ್ಣ ತಗೊಳ್ತಾರೆ.

ಇಂಥ ಶಾಲೆಗೆ ಬೇಕಾಗೋದು ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ. ಹೊರಗಿನ ಲೈನ್ ಹೋದಾಗ ಅದು ಶಾಲೆಯನ್ನ ಲೈನ್‌ನಿಂದ ಬೇರ್ಪಡಿಸಿ, ಒಳಗೆ ಮಾತ್ರ ಕರೆಂಟ್ ಕೊಡುತ್ತೆ. ಲೈನ್‌ಮನ್ ಕೂಡ ಸುರಕ್ಷಿತ. ಈಗ ಲೆಕ್ಕ: ಪಂಪ್ ಬಿಟ್ಟು, ಆರು ಕೊಠಡಿಯ ಟ್ಯೂಬ್, ಹೊಸ ಫ್ಯಾನ್, ಕಂಪ್ಯೂಟರ್, ಟಿವಿ ಎಲ್ಲ ಒಟ್ಟಿಗೆ ಓಡಿದ್ರೆ 1,150 ವ್ಯಾಟ್. ಎರಡು ಗಂಟೆ ಕರೆಂಟ್ ಹೋದ್ರೆ 2.3 ಯೂನಿಟ್.

ಮನೆಗಳಲ್ಲಿರೋ 12 ವೋಲ್ಟ್, 150 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದೆ. ಆದ್ರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದ್ರೆ ಅದರ ಆಯಸ್ಸು ಕಡಿಮೆ ಆಗುತ್ತೆ. ಕೈಗೆ ಸಿಗೋದು 0.9. ಹಾಗಾಗಿ ಮೂರು ಬೇಕು. ಮೂರರಿಂದ ಐದು ವರ್ಷಕ್ಕೆ ಬದಲಿಸಬೇಕು, ಡಿಸ್ಟಿಲ್ಡ್ ವಾಟರ್ ಹಾಕ್ತಾ ಇರಬೇಕು. ಬೇಸಿಗೆ ರಜೆಯ ಎರಡು ತಿಂಗಳು ಯಾರೂ ನೋಡದೆ ಬಿಟ್ರೆ ನೀರು ಆರಿ, ಜೂನ್‌ನಲ್ಲಿ ಶಾಲೆ ತೆರೆಯೋ ಹೊತ್ತಿಗೆ ಅರ್ಧ ಜೀವ ಹೋಗಿರುತ್ತೆ. ಶಾಲೆಗಳಲ್ಲಿ ಬ್ಯಾಟರಿ ಮನೆಗಿಂತ ಬೇಗ ಸಾಯೋಕೆ ಇದು ದೊಡ್ಡ ಕಾರಣ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ದುಬಾರಿ, ಆದ್ರೆ ನೀರು ಬೇಡ, ಸಾವಿರಾರು ಸಲ ಚಾರ್ಜ್ ಮಾಡಬಹುದು. 51.2 ವೋಲ್ಟ್, 100 ಆಂಪಿಯರ್-ಅವರ್‌ನ ಒಂದರಲ್ಲೇ 5 ಯೂನಿಟ್ ಇರುತ್ತೆ. ನೋಡಿಕೊಳ್ಳೋರು ಕಡಿಮೆ ಇರೋ ಕಡೆ ನಾನು ಇದನ್ನೇ ಹೇಳ್ತೀನಿ.

ಇಲ್ಲಿ ಪ್ಯಾನೆಲ್ ಎಷ್ಟು ಬೇಕು ಅನ್ನೋದನ್ನ ಮಾರ್ಚ್ ನೋಡಿ ತೀರ್ಮಾನ ಮಾಡಬೇಡಿ, ಜುಲೈ ನೋಡಿ ಮಾಡಿ. ಮಲೆನಾಡಿನ ಹಂಚಿನ ಶಾಲೆಯಲ್ಲಿ ಹಗಲು ಹನ್ನೆರಡಕ್ಕೂ ಕತ್ತಲೆ ಇರೋದು, ಮರ ಬಿದ್ದು ಮೂರು ದಿನ ಕರೆಂಟ್ ಹೋಗೋದು ಜುಲೈನಲ್ಲೇ. ಸೂರ್ಯ ಕಾಣದಿರೋದೂ ಆಗಲೇ. ಬಿಲ್‌ಗೆ 1 ಕಿಲೋವ್ಯಾಟ್ ಸಾಕಾಗಿದ್ದ ಅದೇ ಶಾಲೆಗೆ ಈಗ 2 ಬೇಕು. ಅರ್ಧಕ್ಕೆ ಇಳಿದ್ರೂ ದಿನಕ್ಕೆ 4 ಯೂನಿಟ್ ಸಿಗುತ್ತೆ. ಮಳೆಗಾಲದಲ್ಲಿ ಫ್ಯಾನ್ ಹೆಚ್ಚು ಬೇಡ, ಟ್ಯೂಬ್‌ಗೆ 1.2, ಕಂಪ್ಯೂಟರ್, ಟಿವಿಗೆ 1.1, ಒಟ್ಟು 2.3. ಒಂದು ದಿನ ಪೂರ್ತಿ ಮೋಡ ಇದ್ರೂ ಸುಧಾರಿಸಬಹುದು.

ಮೂರನೇ ತೊಂದರೆ: ಮನೆಯಲ್ಲಿ ಬೆಳಕು

ಇದಕ್ಕೆ ನಮ್ಮ ಕರ್ನಾಟಕದ್ದೇ ಒಂದು ಒಳ್ಳೆಯ ಉದಾಹರಣೆ ಇದೆ. ಹರೀಶ್ ಹಂದೆ ಅವರ ಹೆಸರು ಕೇಳಿರ್ತೀರಿ. ಖರಗ್‌ಪುರ ಐಐಟಿಯಲ್ಲಿ ಓದಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ, 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಬೆಂಗಳೂರಿನಲ್ಲಿ ಸೆಲ್ಕೋ ಶುರು ಮಾಡಿದವರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರಿಗೆ ಸೋಲಾರ್ ಕೊಳ್ಳೋಕೆ ಆಗಲ್ಲ, ಕೊಂಡ್ರೂ ಅದನ್ನ ಸಂಭಾಳಿಸೋಕೆ ಆಗಲ್ಲ ಅನ್ನೋ ಎರಡು ನಂಬಿಕೆಗಳನ್ನ ಸುಳ್ಳು ಮಾಡೋದೇ ಕಂಪನಿಯ ಗುರಿ. ಅದಕ್ಕೆ ಅವರು ಹಿಡಿದ ದಾರಿ, ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸೋದು, ಹಳ್ಳಿಗೆ ಹತ್ತಿರದಲ್ಲೇ ರಿಪೇರಿ ಮಾಡೋ ಸರ್ವಿಸ್ ಸೆಂಟರ್ ಇಡೋದು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಸುಲಭ ಅನ್ನೋ ಪಾಠವನ್ನ ಹಂದೆ ತಮ್ಮ ಭಾಷಣಗಳಲ್ಲಿ ಹೇಳ್ತಾ ಇರ್ತಾರೆ.

ಸೆಲ್ಕೋದವರು ಶಾಲೆಗಳಿಗೆ ಮಾಡಿದ ‘ಲೈಟ್ ಫಾರ್ ಎಜುಕೇಷನ್’ ಅನ್ನೋ ಕಾರ್ಯಕ್ರಮದ ರಚನೆ ನೋಡಿ. ಪ್ಯಾನೆಲ್ ಇರೋದು ಶಾಲೆಯಲ್ಲಿ. ಪ್ರತಿ ಮಗುವಿಗೂ ಒಂದು ಚಿಕ್ಕ ಎಲ್‌ಇಡಿ ದೀಪ, ಅದರಿಂದ ಬಿಚ್ಚಬಹುದಾದ ಪುಟ್ಟ ಬ್ಯಾಟರಿ. ಬೆಳಿಗ್ಗೆ ಊಟದ ಡಬ್ಬಿ ತಂದ ಹಾಗೆ ಬ್ಯಾಟರಿಯನ್ನ ಶಾಲೆಗೆ ತರಬೇಕು. ಪಾಠ ನಡೆಯೋವಾಗ ಅದು ಚಾರ್ಜ್ ಆಗುತ್ತೆ. ಸಂಜೆ ಮನೆಗೆ ಒಯ್ದು ದೀಪಕ್ಕೆ ಸಿಕ್ಕಿಸಿ ಓದಬೇಕು. ಶಾಲೆಗೆ ಬಂದ್ರೆ ಮಾತ್ರ ಮನೆಯಲ್ಲಿ ಬೆಳಕು.

ಅದೇ ಪ್ಯಾನೆಲ್‌ಗಳನ್ನ ಮನೆ ಮನೆಗೆ ಹಂಚಿದ್ರೆ ಐವತ್ತು ಕಡೆ ಐವತ್ತು ರಿಪೇರಿ. ಶಾಲೆಯಲ್ಲಿ ಇಟ್ಟಾಗ ನೋಡಿಕೊಳ್ಳೋದು ಒಂದೇ ಜಾಗ. ಜೊತೆಗೆ ಹಾಜರಾತಿಗೂ ಒಂದು ಕಾರಣ ಸಿಕ್ಕಿತು. ದೀಪ ಟಿವಿಗೋ ಮೊಬೈಲ್‌ಗೋ ಹೋಗದೆ ಮಗುವಿನ ಪುಸ್ತಕದ ಪಕ್ಕದಲ್ಲೇ ಉಳಿಯಿತು.

ಲೆಕ್ಕ ಎಷ್ಟು ಚಿಕ್ಕದು ಅಂತ ಬರೆದು ನೋಡೋಣ. 3 ವ್ಯಾಟ್‌ನ ದೀಪ ನಾಲ್ಕು ಗಂಟೆ ಉರಿದ್ರೆ 12 ವ್ಯಾಟ್-ಅವರ್. 60 ಮಕ್ಕಳಿಗೆ 720. ನಷ್ಟ ಎಲ್ಲ ಸೇರಿಸಿ ದಿನಕ್ಕೆ 1 ಯೂನಿಟ್. 300 ವ್ಯಾಟ್ ಪ್ಯಾನೆಲ್ ಸಾಕು, ಅಂದ್ರೆ ಈಗ ಮಾರುಕಟ್ಟೆಯಲ್ಲಿ ಸಿಗೋ ದೊಡ್ಡ ಪ್ಯಾನೆಲ್ ಒಂದೇ ಸಾಕು. 2 ಕಿಲೋವ್ಯಾಟ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ಆದ್ರೆ ಕಾಡಂಚಿನ ಹಾಡಿ, ತಾಂಡಾ, ತೋಟದ ಒಂಟಿ ಮನೆಗಳಿಂದ ಮಕ್ಕಳು ಬರೋ ಶಾಲೆಗೆ ಈ ಒಂದು ಪ್ಯಾನೆಲ್ ಹೆಚ್ಚು ಕೆಲಸ ಮಾಡಬಹುದು. ನಿಮ್ಮ ಊರಲ್ಲಿ ಎಲ್ಲ ಮನೆಗೂ ಕರೆಂಟ್ ಇದ್ದು ಸಂಜೆ ಹೋಗೋದಿಲ್ಲ ಅಂದ್ರೆ ಇದು ಬೇಡ.

ಘಟಕ ನಿಲ್ಲೋದು ಯಾಕೆ?

ಯಾವ ರೀತಿಯದ್ದೇ ಆರಿಸಿ, ಅದನ್ನ ನಿಲ್ಲಿಸೋ ಕಾರಣಗಳು ಕೆಲವೇ.

ನೆರಳು. ಪ್ಯಾನೆಲ್‌ಗಳನ್ನ ಸರಪಳಿಯ ಹಾಗೆ ಒಂದಕ್ಕೊಂದು ಜೋಡಿಸಿರ್ತಾರೆ. ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಈಗಿನ ನೆರಳು ಮಾತ್ರ ನೋಡಿದ್ರೆ ಸಾಲದು. ದಿವಾದಲ್ಲಿ ಒಂದು ವರ್ಷ ಬಿಟ್ಟು ಬಂದ್ರೆ ಕಿಟಕಿ ಎದುರು ಹೊಸ ಬಿಲ್ಡಿಂಗ್ ನಿಂತಿರುತ್ತೆ. ಊರಲ್ಲಿ ಬಿಲ್ಡಿಂಗ್ ಬದಲು ಮರ ಬೆಳೆಯುತ್ತೆ. ಶಾಲೆಯ ದಕ್ಷಿಣಕ್ಕೆ ಪರಿಸರ ದಿನಾಚರಣೆಗೆ ನೆಟ್ಟ ಸಸಿಗಳಿದ್ರೆ ಪ್ಯಾನೆಲ್ ಜಾಗ ಬದಲಿಸಿ, ಸಸಿ ಕೀಳಬೇಡಿ.

ಧೂಳು. ತಿಂಗಳಿಗೆ ಎರಡು ಸಲ ಬೆಳಗ್ಗೆ ತಂಪು ಹೊತ್ತಲ್ಲಿ ನೀರು ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಹಾಕಬಾರದು. ಈ ಕೆಲಸಕ್ಕೆ ಮಕ್ಕಳನ್ನ ತಾರಸಿ ಹತ್ತಿಸಲೇಬಾರದು. ಬಿಸಿಲಿರೋ ತನಕ ಡಿಸಿ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತೆ, ಇನ್ವರ್ಟರ್ ಆಫ್ ಮಾಡಿದ್ರೂ ಕೂಡ. ತಾರಸಿ ಬಾಗಿಲಿಗೆ ಬೀಗ, ಸರಿಯಾದ ಅರ್ಥಿಂಗ್, ಸಿಡಿಲು ತಡೆ, ಬ್ಯಾಟರಿ ಕೋಣೆಗೆ ಗಾಳಿ, ಈ ನಾಲ್ಕರಲ್ಲಿ ಚೌಕಾಸಿ ಬೇಡ.

ಗಾಳಿ. ಪ್ಯಾನೆಲ್‌ನ ಭಾರಕ್ಕಿಂತ ಹೆಚ್ಚು ಯೋಚನೆ ಮಾಡಬೇಕಾದ್ದು ಅದನ್ನ ಎತ್ತಿ ಒಗೆಯೋ ಗಾಳಿ ಬಗ್ಗೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಅಲಿಬಾಗ್ ಹತ್ತಿರ ಅಪ್ಪಳಿಸಿದ್ದು, 2021ರ ಮೇನಲ್ಲಿ ತೌಕ್ತೆ ನಮ್ಮ ಕರಾವಳಿ ಉದ್ದಕ್ಕೂ ಹಾದು ಹೋದದ್ದು ನೆನಪಿರಬಹುದು. ಹಳೆ ಹಂಚಿನ ಮಾಡಿನ ಮೇಲೆ ಪ್ಯಾನೆಲ್ ಕೂರಿಸೋ ಬದಲು ಅಂಗಳದ ಮೂಲೆಯಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಬೇಲಿ ಹಾಕೋದು ವಾಸಿ.

ಕೊನೆಗೆ, ಎಲ್ಲಕ್ಕಿಂತ ದೊಡ್ಡ ಕಾರಣ, ಐದನೇ ವರ್ಷ. ಪ್ಯಾನೆಲ್‌ಗೆ 25 ವರ್ಷದ ಗ್ಯಾರಂಟಿ ಕೊಡ್ತಾರೆ. ಇನ್ವರ್ಟರ್‌ಗೆ ಐದರಿಂದ ಹತ್ತು. ಬ್ಯಾಟರಿಗೆ ಇನ್ನೂ ಕಡಿಮೆ. ಅಷ್ಟರಲ್ಲಿ ಉತ್ಸಾಹಿ ಹೆಡ್‌ಮಾಸ್ಟರ್‌ಗೆ ವರ್ಗಾವಣೆ ಆಗಿರುತ್ತೆ, ಹಾಕಿಕೊಟ್ಟ ಏಜೆನ್ಸಿ ಫೋನ್ ಎತ್ತೋದಿಲ್ಲ, ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಮಾತ್ರ ಉಳಿದಿರುತ್ತೆ. ನಮ್ಮ ಆಫೀಸಿನಲ್ಲಿ ಯಾವ ಸಾಫ್ಟ್‌ವೇರನ್ನೂ ‘ರಿಲೀಸ್ ಆಯ್ತು, ಇನ್ನು ಯಾರೂ ನೋಡೋದು ಬೇಡ’ ಅಂತ ಬಿಡ್ತೀವಾ? ಇಲ್ಲ. ಸಪೋರ್ಟ್‌ಗೆ ಒಂದು ಟೀಮ್ ಇರುತ್ತೆ, ಬಜೆಟ್ ಇರುತ್ತೆ. ಊರ ಶಾಲೆಗೆ ಮಾತ್ರ ರಿಬ್ಬನ್ ಕತ್ತರಿಸಿ ಬಸ್ ಹತ್ತಿ ಬರ್ತೀವಿ.

ಹಾಗಾದ್ರೆ ಹೇಗೆ ಮಾಡೋದು?

ಎರಡೂವರೆ ಲಕ್ಷ ಸೇರಿದೆ ಅಂತ ಇಟ್ಕೊಳ್ಳಿ. ಅದರಲ್ಲಿ 60,000ವನ್ನ ಮೊದಲ ದಿನವೇ ಬ್ಯಾಂಕ್ ಎಫ್‌ಡಿಯಲ್ಲಿ ಇಡಿ. ಶೇಕಡಾ 6.5 ಬಡ್ಡಿ ಹಿಡಿದ್ರೂ ವರ್ಷಕ್ಕೆ 3,900 ರೂಪಾಯಿ. ತೊಳೆಯೋರಿಗೆ, ವರ್ಷಕ್ಕೊಮ್ಮೆ ನಟ್ಟು ಬೋಲ್ಟು ನೋಡೋರಿಗೆ ಅದು ಆಗುತ್ತೆ. ಅಸಲು ಇನ್ವರ್ಟರ್ ಅಥವಾ ಬ್ಯಾಟರಿ ಬದಲಿಸೋ ದಿನಕ್ಕೆ ಇರಲಿ. ಇದರಿಂದ ಘಟಕ ಅರ್ಧ ಕಿಲೋವ್ಯಾಟ್ ಚಿಕ್ಕದಾದ್ರೂ ಪರವಾಗಿಲ್ಲ. ಬೆಲೆಗೆ ಒಂದು ಅಳತೆಗೋಲು ಬೇಕಿದ್ರೆ, ಸೂರ್ಯ ಘರ್ ಯೋಜನೆಯಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ಇಲ್ಲದ ಮೊದಲ 2 ಕಿಲೋವ್ಯಾಟ್‌ಗೆ ತಲಾ 50,000 ರೂಪಾಯಿ ಅಂತ ಹಿಡಿದಿದೆ. ಹಳ್ಳಿಗೆ ಸಾಗಾಟ, ಎತ್ತರದ ಚೌಕಟ್ಟು ಸೇರಿ ಸ್ವಲ್ಪ ಹೆಚ್ಚಾಗಬಹುದು. ದುಪ್ಪಟ್ಟು ಕೇಳಿದ್ರೆ ಯಾಕೆ ಅಂತ ಕೇಳಿ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದ್ರೆ ಎಸ್‌ಡಿಎಂಸಿ ಜೊತೆ ಒಂದು ಪುಟದ ಒಪ್ಪಂದ ಬರೆಯಿರಿ. ಯಾರು ತೊಳೀತಾರೆ, ಎಫ್‌ಡಿಗೆ ಯಾರ ಸಹಿ, ಕೆಟ್ರೆ ಯಾರಿಗೆ ಫೋನ್, ಎಲ್ಲ ಅದರಲ್ಲಿರಲಿ. ಕ್ಷೇತ್ರ ಶಿಕ್ಷಣಾಧಿಕಾರಿಗೆ ಒಂದು ಪ್ರತಿ ಕೊಡಿ. ಹತ್ತಿರದ ಪೇಟೆಯಲ್ಲಿ ಸರ್ವಿಸ್ ಇರೋ ಏಜೆನ್ಸಿಯನ್ನೇ ಹಿಡಿಯಿರಿ. ಬೆಂಗಳೂರಿನಿಂದ ಬರೋ ಅಗ್ಗದ ಕೊಟೇಷನ್ ಊರಲ್ಲಿ ದುಬಾರಿ ಆಗುತ್ತೆ. ಸೆಲ್ಕೋದ ಹಳ್ಳಿ ಸರ್ವಿಸ್ ಸೆಂಟರ್‌ಗಳಿಂದ ಕಲಿಯಬೇಕಾದ್ದೂ ಇದನ್ನೇ. ಊರಿನವರ ಪಾಲೂ ಸ್ವಲ್ಪ ಇರಲಿ, ದುಡ್ಡೋ ಶ್ರಮವೋ. ಅವರದ್ದೂ ಸೇರಿದ್ರೆ ಅದು ‘ಮುಂಬಯಿಯವರ ಸೋಲಾರ್’ ಆಗದೆ ‘ನಮ್ಮ ಸೋಲಾರ್’ ಆಗುತ್ತೆ.

ನಿಮ್ಮ ಕಂಪನಿಯ ಸಿಎಸ್‌ಆರ್ ತಂಡವನ್ನೂ ಕೇಳಿ. 2013ರ ಕಂಪನಿ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನ ಇಂಥ ಕೆಲಸಕ್ಕೆ ಇಡಬೇಕು, ಶಿಕ್ಷಣವೂ ಪರಿಸರವೂ ಆ ಪಟ್ಟಿಯಲ್ಲಿವೆ. ಕೇಳೋವಾಗ ನಿರ್ವಹಣೆಯ ಹಣವನ್ನೂ ಸೇರಿಸಿಯೇ ಕೇಳಿ.

ಇನ್ನೊಂದು ಮಾತು ಒಪ್ಪಂದದಲ್ಲಿ ಬರೆಯೋಕೆ ಮನಸ್ಸಿಗೆ ಕಷ್ಟ, ಆದ್ರೂ ಬರೆಯಿರಿ. ಪ್ಯಾನೆಲ್ 25 ವರ್ಷ ಇರುತ್ತೆ. ಶಾಲೆ ಇರುತ್ತಾ? ಅಕ್ಕಲಕೋಟೆ, ಜತ್ತದ ಗಡಿ ಶಾಲೆಯಾಗಲಿ, ಮಲೆನಾಡಿನ ಮೂಲೆಯ ಶಾಲೆಯಾಗಲಿ, ಮಕ್ಕಳ ಸಂಖ್ಯೆ ಇಳೀತಾ ಇರೋ ಕನ್ನಡ ಶಾಲೆಗಳು ನಮಗೆಲ್ಲ ಗೊತ್ತು. ಶಾಲೆ ಬೇರೊಂದರ ಜೊತೆ ವಿಲೀನವಾದ್ರೆ ಘಟಕ ಮಕ್ಕಳ ಹಿಂದೆಯೇ ಹೊಸ ಶಾಲೆಗೆ ಹೋಗಬೇಕು ಅಂತ ಒಂದು ಸಾಲು ಇರಲಿ. ಬೋಲ್ಟ್ ಬಿಚ್ಚಿ ಬೇರೆ ಕಡೆ ಕೂರಿಸೋದು ಒಂದೆರಡು ದಿನದ ಕೆಲಸ. ಆ ಸಾಲು ಇಲ್ಲದಿದ್ರೆ ಮುಚ್ಚಿದ ಕಟ್ಟಡದ ಮೇಲೆ ಪ್ಯಾನೆಲ್ ಸುಮ್ಮನೆ ಬಿಸಿಲು ಕಾಯ್ತಾ ಕೂತಿರುತ್ತೆ.

ಈ ವಾರ ನೀವು ಮಾಡಬಹುದಾದ್ದು ಒಂದು ಫೋನ್. ನಿಮ್ಮ ಊರ ಶಾಲೆಯ ಮೇಷ್ಟ್ರಿಗೋ ಟೀಚರ್‌ಗೋ ಮಾಡಿ. ‘ಸೋಲಾರ್ ಬೇಕಾ’ ಅಂತ ಕೇಳಬೇಡಿ, ಬೇಕು ಅಂತಲೇ ಹೇಳ್ತಾರೆ. ಬಿಲ್ ಯಾರು ಕಟ್ತಾರೆ, ಜುಲೈನಲ್ಲಿ ಪಾಠದ ಹೊತ್ತಿಗೆ ಎಷ್ಟು ಸಲ ಕರೆಂಟ್ ಹೋಗುತ್ತೆ, ಮಕ್ಕಳು ರಾತ್ರಿ ಯಾವ ಬೆಳಕಲ್ಲಿ ಓದ್ತಾರೆ ಅಂತ ಕೇಳಿ. ಆ ಮೂರು ಉತ್ತರ ಗ್ರೂಪಿನಲ್ಲಿ ಹಾಕಿದ್ರೆ ಎಷ್ಟು ಕಿಲೋವ್ಯಾಟ್ ಅನ್ನೋ ಲೆಕ್ಕ ಅರ್ಧ ಗಂಟೆಯ ಕೆಲಸ.